ಎದೆಗೆ ಹಾಕುವ ಚೀಲ

ಹೊಳೆ ಇಳಿದ ಮೇಲೆ ದಡದಲ್ಲಿ ಉಳಿಯುವ ಕೆಸರಿಗೆ ತನ್ನದೇ ಒಂದು ವಾಸನೆ ಇರುತ್ತದೆ. ಹಸಿಮಣ್ಣು, ಕೊಳೆತ ಕಬ್ಬಿನ ಎಲೆ, ಎಲ್ಲೋ ಸಿಕ್ಕಿಕೊಂಡು ಸತ್ತ ಮೀನು, ಎಲ್ಲ ಕೂಡಿದ ವಾಸನೆ. ಹೋದ ವರ್ಷ ರಾಯಬಾಗದಿಂದ ಕಾಗವಾಡದ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಕುಡಚಿಯ ಸೇತುವೆಯ ಮೇಲೆ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ನನಗೆ ಗೊತ್ತಿಲ್ಲದಂತೆಯೇ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, "ಆರಾಮ ಇಲ್ಲೇನ್ರಿ ಬಾಯಾರ? ನೀರ ಕುಡೀತೀರೇನು?" ಎಂದು ಕೇಳಿದಳು. ಆರಾಮವಾಗಿಯೇ ಇದ್ದೆ. ಆದರೆ ಮನಸ್ಸು ತೊಂಬತ್ತರ ದಶಕದ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿತ್ತು.

ಆಗ ನಾನು ಮುಂಬಯಿಯಲ್ಲಿ ವಸ್ತುವಿನ್ಯಾಸ ಓದುತ್ತಿದ್ದೆ. ಕುರ್ಚಿ, ಕೊಡ, ಫ್ಯಾನು, ಚಪ್ಪಲಿ, ಹೀಗೆ ಜನ ದಿನಾ ಬಳಸುವ ವಸ್ತುಗಳು ಹೇಗಿರಬೇಕು, ಯಾವುದರಿಂದ ಮಾಡಬೇಕು ಎಂದು ಕಲಿಸುವ ಓದು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪನಿಗೆ ಇದು ಕೊನೆಯವರೆಗೂ ತಿಳಿಯಲಿಲ್ಲ. ಯಾರಾದರೂ ಕೇಳಿದರೆ "ಇಂಜಿನಿಯರಿಂಗ್ ಇದ್ದಂಗ ಐತಿ" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಯೋಜನೆ ಕೈಗೆತ್ತಿಕೊಂಡು, ವಸ್ತುವನ್ನು ನಿಜವಾಗಿ ಮಾಡಿ, ಅದನ್ನು ಬಳಸುವ ಜನರ ನಡುವೆ ಪರೀಕ್ಷಿಸಿ, ಆಮೇಲೆ ಪರೀಕ್ಷಕರ ಮುಂದೆ ನಿಲ್ಲಬೇಕಿತ್ತು. ಆ ಪರೀಕ್ಷೆಗೆ ಜ್ಯೂರಿ ಎನ್ನುತ್ತಿದ್ದರು.

ನಾನು ಆರಿಸಿಕೊಂಡದ್ದು ಕಬ್ಬಿನ ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ ಅದು. ನಮ್ಮ ಕಡೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಸುಟ್ಟುಹೋಗುವ ಈ ರವದಿಯಿಂದ ಶಾಲೆಯ ಮಕ್ಕಳಿಗೆ ಚೀಲ ಮಾಡಬೇಕೆಂದು ಯೋಚಿಸಿದ್ದೆ. ಮುಂಬಯಿಯಲ್ಲಿ ಕೂತು ಯೋಚಿಸುವಾಗ ಬಹಳ ಚೆನ್ನಾಗಿ ಕಾಣಿಸಿತ್ತು. ಕೃಷ್ಣಾ ನದಿಯ ದಡದ ಜುಗೂಳದಲ್ಲಿ ನನ್ನ ಸೋದರತ್ತೆ ಪದ್ಮಾವತಿಯ ಮನೆ ಇತ್ತು. ಅವಳ ಗಂಡ, ನಮ್ಮ ಮಾಮಾನದು ಕಬ್ಬಿನ ತೋಟ. ಜೂನ್ ತಿಂಗಳ ಮೊದಲಲ್ಲೇ ಅಲ್ಲಿಗೆ ಹೋಗಿ ಇಳಿದೆ.

ರವದಿಯ ಚಾಪೆ ಹೆಣೆದೆ, ಮಡಚಿದರೆ ಮುರಿಯಿತು. ನೆನೆಸಿ ಹೆಣೆದೆ, ಒಣಗಿದ ಮೇಲೆ ಅಂಚು ಬ್ಲೇಡಿನಂತೆ ಕೈ ಕೊಯ್ಯಿತು. ಅತ್ತೆ ಪಡಸಾಲೆಯಲ್ಲಿ ನೀರು ಸೋಸುತ್ತ ನನ್ನ ಕೈಯ ಮೇಲಿನ ಗೆರೆಗಳನ್ನು ನೋಡಿ, "ಲೇ ಸುಜಿ, ಈ ಚೀಲಾ ಬೆನ್ನಿಗೆ ಹಾಕ್ಕೊಂಡ ಹುಡುಗೂರು ಮನಿಗೆ ಬಂದು ಅಳೂದಿಲ್ಲೇನ?" ಎಂದಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಕಾಗವಾಡಕ್ಕೆ ಹೋಗಿ, ಅಲ್ಲಿಯ ಎಸ್‌ಟಿಡಿ ಬೂತಿನಿಂದ ಮುಂಬಯಿಯ ನನ್ನ ಗುರುಗಳಿಗೆ ಫೋನು ಮಾಡುತ್ತಿದ್ದೆ. ಅವರು ಕೋಪದವರಲ್ಲ. ಆದರೆ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಯಾರಿಗೆ ಬೇಕು, ಸುಜಾತಾ?" ಮರಳಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಮೋಡ ದಟ್ಟವಾಗುವುದನ್ನು ನೋಡುತ್ತ, ಈ ವರ್ಷ ಫೇಲಾದರೆ ಅಪ್ಪನಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ದೋಣಿಕಟ್ಟೆಗೆ ಹೋದೆ. ಹೊಳೆಯ ಆಚೆ ಚಿಕ್ಕೋಡಿ ತಾಲೂಕು. ಆ ದಡದ ತೋಟಗಳಲ್ಲಿ ಮನೆ ಮಾಡಿಕೊಂಡಿದ್ದ ಕುಟುಂಬಗಳ ಮಕ್ಕಳು ಹೈಸ್ಕೂಲಿಗೆ ಜುಗೂಳಕ್ಕೆ ಬರುತ್ತಿದ್ದರು. ಅವರ ಕಡೆಯ ಹೈಸ್ಕೂಲು ರಸ್ತೆ ಹಿಡಿದು ಹೋದರೆ ಬಹಳ ದೂರ. ದೋಣಿಯಾದರೆ ಇಲ್ಲಿಂದಲ್ಲಿಗೆ. ಬೇಸಿಗೆಯಲ್ಲಿ ಆಟದ ಸಾಮಾನಿನಂತೆ ಕಾಣುತ್ತಿದ್ದ ದೋಣಿ. ಆ ದಿನ ಕೆಂಪು ನೀರಿನ ಮೇಲೆ ಓರೆಯಾಗಿ ತೇಲಿ ಬರುತ್ತಿತ್ತು. ಹೊಳೆ ಅದನ್ನು ಕೆಳಗೆ ಎಳೆದೊಯ್ಯುತ್ತಿತ್ತು, ಅಂಬಿಗ ಭೀಮಣ್ಣ ಹುಟ್ಟು ಹಾಕಿ ಅದನ್ನು ಮೇಲಕ್ಕೆ ತಿರುಗಿಸುತ್ತಿದ್ದ. ಒಳಗೆ ಹಾಲಿನ ಕ್ಯಾನುಗಳು, ಒಂದು ಸೈಕಲ್ಲು, ಮಕ್ಕಳು. ಯಾರ ಮೈಮೇಲೂ ತೇಲಿಸುವಂಥದ್ದೇನೂ ಇಲ್ಲ, ಬರೀ ಯೂನಿಫಾರ್ಮ್.

ನನಗೆ ಈಜು ಬರುತ್ತಿರಲಿಲ್ಲ. ಸಣ್ಣವಳಿದ್ದಾಗಿನಿಂದಲೂ ನೀರು ಕಂಡರೆ ಅಂಜಿಕೆ. ದೋಣಿ ದಡ ಮುಟ್ಟುವವರೆಗೆ ನಾನು ನೀರಿನಿಂದ ದೂರವೇ ನಿಂತಿದ್ದೆ. ಇಳಿದವರಲ್ಲಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಇದ್ದಳು, ಭಾರತಿ ಎಂದು. ಅವಳು ಮಾಡಿದ ಮೊದಲ ಕೆಲಸವೆಂದರೆ ಕಟ್ಟೆಯ ಮೇಲೆ ಕೂತು ಚೀಲದೊಳಗಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಲಂಗದ ಅಂಚಿನಿಂದ ಒರೆಸಿದ್ದು.

"ನಿನಗ ಅಂಜಿಕಿ ಆಗೂದಿಲ್ಲೇನ?" ಎಂದು ಕೇಳಿದೆ.

"ಆಗತೈತ್ರಿ ಅಕ್ಕಾ. ವಿಜ್ಞಾನದ ಪುಸ್ತಕಾ ನಿನ್ನೆನೂ ತೊಯ್ದಿತ್ತು. ಹಾಳಿ ಅಂಟಕೊಂಡ ಬಿಟ್ಟಾವ," ಎಂದಳು ಅವಳು.

ಆ ವಾರ ಕಾಗವಾಡಕ್ಕೆ ಹೋಗಿ ಗುರುಗಳಿಗೆ ಹೇಳಿದೆ, ವಿಷಯ ಬದಲಿಸುತ್ತೇನೆ ಎಂದು. ಮಕ್ಕಳು ದೋಣಿಯಲ್ಲಿ ಮೈಗೆ ಕಟ್ಟಿಕೊಳ್ಳುವ ತೇಲುವ ವಸ್ತು, ಇಲ್ಲಿಯೇ ಸಿಗುವ ಸಾಮಾನಿನಿಂದ. ಬೂತಿನ ಮೀಟರು ಓಡುತ್ತಲೇ ಇತ್ತು. ಅವರು, "ಸಮಯ ಬಹಳ ಕಡಿಮೆ ಇದೆ, ಗೊತ್ತಿದೆ ತಾನೆ?" ಎಂದರು. ಗೊತ್ತಿತ್ತು. ಆ ಮಾತು ಗೊತ್ತಿಲ್ಲದ ಒಂದು ಗಳಿಗೆಯೂ ಆ ಮಳೆಗಾಲದಲ್ಲಿ ನನಗೆ ಇರಲಿಲ್ಲ.

ನಮ್ಮ ಕಡೆ ಈಜು ಕಲಿಯುವವರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿಯುತ್ತಾರೆ. ಅದರಿಂದಲೇ ಶುರು ಮಾಡಿದೆ. ಎರಡು ಬುರುಡೆಗಳಿಗೆ ಬಟ್ಟೆಯ ಪಟ್ಟಿ ಹೊಲಿದು ದೋಣಿಕಟ್ಟೆಗೆ ಒಯ್ದೆ. ಭೀಮಣ್ಣ ಅದನ್ನು ನೋಡಿದವನೇ ಹುಟ್ಟನ್ನು ಕೆಳಗಿಟ್ಟ.

"ಅಕ್ಕಾರ, ಬುರಡಿ ಕಟಗೊಂಡು ನನ್ನ ದೋಣ್ಯಾಗ ಕುಂಡ್ರೂದಂದ್ರ ಏನರ್ಥ ಆತ್ರಿ? ಭೀಮ್ಯಾನ ದೋಣಿ ಮುಳಗತೈತಿ ಅಂತ ಊರಿಗೆಲ್ಲಾ ಡಂಗುರಾ ಹೊಡದಂಗ ಆತು."

"ಹಂಗಲ್ಲ ಭೀಮಣ್ಣ, ಏನರ ಹೆಚ್ಚೂ ಕಡಿಮಿ ಆದ್ರ..."

"ಆ ಮಾತ ಆಡಬ್ಯಾಡ್ರಿ," ಎಂದು ಅವನು ಕೈಯೆತ್ತಿ ತಡೆದ. "ಹೊಳೀ ಮುಂದ ನಿಂತು ಆ ಮಾತ ಆಡಬಾರದ್ರಿ."

ಮಕ್ಕಳನ್ನು ಕಳಿಸಲು ಆಚೆ ದಡಕ್ಕೆ ಬರುತ್ತಿದ್ದ ತಾಯಂದಿರೂ ಅದನ್ನೇ ಹೇಳಿಕಳಿಸಿದರು: ದಿನಾ ಬೆಳಿಗ್ಗೆ ಮಗುವಿಗೆ ಬುರುಡೆ ಕಟ್ಟುವುದೆಂದರೆ ಕೆಟ್ಟದ್ದನ್ನು ನಾವೇ ಕರೆದಂತೆ. ಹೆಣ್ಣುಮಕ್ಕಳಿಗೆ ಬೇರೆಯೇ ಸಂಕಟ. ಎದೆಗೂ ಬೆನ್ನಿಗೂ ಉಬ್ಬಿದ್ದು ಕಟ್ಟಿಕೊಂಡರೆ ಗಂಡುಹುಡುಗರು ನಗುತ್ತಾರೆ. ಕಟ್ಟಿಕೊಂಡ ಒಬ್ಬ ಹುಡುಗ ಅದರ ಮೇಲೆಯೇ ಕೂತು ಬುರುಡೆ ಒಡೆದ. ಆ ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಅತ್ತೆಯ ಮನೆಯಲ್ಲಿ ನಾನು ತಾಟನ್ನು ಅರ್ಧಕ್ಕೇ ಬಿಟ್ಟು ಎದ್ದೆ. ದೋಣಿಕಟ್ಟೆಯಿಂದ ಆರಿಸಿ ತಂದಿದ್ದ ಬುರುಡೆಯ ಚೂರುಗಳನ್ನು ನೋಡುತ್ತ ಕೂತೆ. ವಸ್ತು ಸರಿಯಾಗಿತ್ತು. ಅದನ್ನು ಮೈಮೇಲೆ ಹಾಕಿಕೊಂಡಾಗ ಜನರಿಗೆ ಏನನ್ನಿಸುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಉಪಾಯ ಹೊಳೆದದ್ದು ಭಾರತಿಯ ಮಾತಿನಿಂದಲೇ. ಅವಳಿಗೂ ಅವಳ ಮನೆಯವರಿಗೂ ಬೇಕಾಗಿದ್ದದ್ದು ಪುಸ್ತಕ ತೋಯದ ಚೀಲ. ಚೀಲವೇ ತೇಲುವಂತಿದ್ದರೆ? ಮುಳುಗುವ ಮಾತನ್ನೇ ಎತ್ತಬೇಕಾಗಿರಲಿಲ್ಲ.

ಗೊಬ್ಬರದ ಖಾಲಿ ಚೀಲಗಳು ಮಾಮಾನ ಕೊಟ್ಟಿಗೆಯಲ್ಲಿ ಗುಡ್ಡೆ ಬಿದ್ದಿದ್ದವು. ಅವುಗಳ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಣವೆಯಿಂದ ಜೋಳದ ಒಣ ದಂಟು, ಕಣಕಿ ತಂದು ಸಿಪ್ಪೆ ಸುಲಿದು ಒಳಗಿನ ಹಗುರ ಬೆಂಡನ್ನು ತೆಗೆದೆ. ಚಿಕ್ಕವರಿದ್ದಾಗ ನಾವು ಗಾಡಿ, ಎತ್ತು ಮಾಡಿ ಆಡುತ್ತಿದ್ದ ಅದೇ ಬೆಂಡು. ಅದನ್ನು ಪ್ಲಾಸ್ಟಿಕ್ಕಿನ ಉದ್ದುದ್ದ ಕೊಳವೆಗಳಲ್ಲಿ ತುಂಬಿ, ಕಿರಾಣಿ ಅಂಗಡಿಯವರು ಪೊಟ್ಟಣ ಮುಚ್ಚುವ ಹಾಗೆ ಮೇಣದಬತ್ತಿಯ ಉರಿಗೆ ಬಾಯಿ ಅಂಟಿಸಿದೆ. ಪ್ಲಾಸ್ಟಿಕ್ ಎಲ್ಲಾದರೂ ತೂತು ಬಿದ್ದರೂ ಒಳಗಿನ ಬೆಂಡು ಸ್ವಲ್ಪ ಹೊತ್ತಾದರೂ ತೇಲಿಸುತ್ತದೆ. ಇನ್ನು ಆ ಕೊಳವೆಗಳು ಚೀಲದೊಳಗೆ ಸರಿದಾಡದಂತೆ ಹಿಡಿಯುವುದು ಹೇಗೆಂದು ಒದ್ದಾಡುತ್ತಿದ್ದಾಗ ಅತ್ತೆ ಹೊಲಿಗೆ ಮಷಿನ್ನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ಕೌದಿ ಹೊಲದಂಗ ಸಾಲ ಬಿಟ್ಟು ಹೊಲೀತೇನಿ. ಒಂದೊಂದ ಸಾಲಿನ್ಯಾಗ ಒಂದೊಂದ ತುರಕು," ಎಂದಳು. ಇಬ್ಬರೂ ಕೂಡಿ ಎರಡು ಚೀಲ ಮಾಡಿದೆವು. ಹಿಂದೆ ದಪ್ಪ ಕೌದಿಯಂಥ ಗೋಡೆ, ಮುಂದೆ ಪುಸ್ತಕದ ಜಾಗ, ಬಾಯಿಗೆ ಮಡಚುವ ಮುಚ್ಚಳ. ಭುಜಕ್ಕೆ ಎರಡು ಪಟ್ಟಿ. ನೋಡಲು ಬರೀ ಚೀಲ. ಭೀಮಣ್ಣ ತಿರುವಿ ನೋಡಿ, "ಇದ ಬೇಷ್ ಐತಿ. ಪುಸ್ತಕ ತೊಯ್ಯಾಂಗಿಲ್ಲ," ಎಂದ. ಒಳಗೆ ಏನಿದೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಕ್ಕಳ ಕೈಗೆ ಕೊಡುವ ಮೊದಲು ಪರೀಕ್ಷೆ ಮಾಡಲೇಬೇಕಿತ್ತು. ಈಜು ಬರುವವರು ಮಾಡಿದರೆ ಏನೂ ತಿಳಿಯುವುದಿಲ್ಲ, ಅವರು ಹೇಗಿದ್ದರೂ ತೇಲುತ್ತಾರೆ. ಈಜು ಬಾರದವಳು ನಾನೇ ಇದ್ದೆ.

"ಬಾವ್ಯಾಗ ಇಳಿಯೂದಂದ್ರ ಏನ ಹುಡಗಾಟಿಕಿ ಅಂತ ಮಾಡೀಯೇನ? ನಿಮ್ಮಪ್ಪಗ ನಾ ಏನಂತ ಹೇಳ್ಲಿ?" ಎಂದು ಅತ್ತೆ ಬೈದಳು. ಬೈಯುತ್ತಲೇ ಹಗ್ಗ ತಂದಳು. ಮರುದಿನ ಬೆಳಿಗ್ಗೆ ತೋಟದ ಬಾವಿಗೆ ಹೋದೆವು. ಮಾಮಾ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಕಲ್ಲಿಗೆ ಸುತ್ತಿದ. ಮಳೆಯಿಂದ ನೀರು ಏರಿ ಅರ್ಧ ಪಾವಟಿಗೆಗಳು, ಬಾವಿಯ ಮೆಟ್ಟಿಲುಗಳು, ಮುಳುಗಿದ್ದವು. ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಮಕ್ಕಳು ಹಾಕಿಕೊಳ್ಳುವ ಹಾಗೆಯೇ, ಕಣ್ಣು ಮುಚ್ಚಿ ಜಾರಿದೆ.

ಚೀಲ ತೇಲಿತು. ಆದರೆ ಅದು ತೇಲಿದ ರಭಸಕ್ಕೆ ನನ್ನ ಬೆನ್ನು ಮೇಲಾಯಿತು, ಮುಖ ನೀರೊಳಗೆ ಹೋಯಿತು. ತಲೆ ಎತ್ತಲು ನೋಡಿದೆ, ಚೀಲ ಕತ್ತನ್ನು ಒತ್ತಿ ಹಿಡಿದಿತ್ತು. ತಿರುಗಲು ನೋಡಿದೆ, ಆಗಲಿಲ್ಲ. ಹಸಿರು ಕತ್ತಲೆ, ಮೂಗಿನಲ್ಲಿ ನೀರು, ಕಿವಿಯೊಳಗೆ ನನ್ನದೇ ಎದೆಬಡಿತ. ನಾನೇ ಕೈಯಾರೆ ಮಾಡಿದ ವಸ್ತು ನನ್ನನ್ನು ಮುಳುಗಿಸುತ್ತಿದೆ ಎಂಬುದೊಂದೇ ತಲೆಯಲ್ಲಿ ಇತ್ತು. ಅಷ್ಟರಲ್ಲಿ ಸೊಂಟ ಹರಿದಂತೆ ಹಗ್ಗ ಬಿಗಿಯಿತು. ಪಾವಟಿಗೆಯ ಮೇಲೆ ಬಿದ್ದು ಕೆಮ್ಮಿ ಕೆಮ್ಮಿ ನೀರು ಕಾರಿಕೊಂಡೆ. ಅತ್ತೆ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು.

ಉಸಿರು ತಿರುಗಿದ ಮೇಲೆ, ಅವರಿಬ್ಬರೂ ಬೇಡವೆಂದರೂ ಕೇಳದೆ, ಅದೇ ಚೀಲವನ್ನು ಎದೆಗೆ ಹಾಕಿಕೊಂಡು ಇಳಿದೆ. ಈ ಸಲ ನೀರು ನನ್ನನ್ನು ಅಂಗಾತ ಮಲಗಿಸಿತು. ಮುಖ ಆಕಾಶಕ್ಕೆ. ಬಾವಿಯ ದುಂಡನೆಯ ಬಾಯಿಯಲ್ಲಿ ಮೋಡ ಹೋಗುತ್ತಿರುವುದು ಕಾಣಿಸಿತು. ಕೈ ಬಿಟ್ಟರೂ ತೇಲುತ್ತಿದ್ದೆ. ನಗು ಬಂತು. "ಅತ್ತಿ, ಎದಿಗೆ ಹಾಕ್ಬೇಕು! ಬೆನ್ನಿಗಲ್ಲ, ಎದಿಗೆ!" ಎಂದು ಕೂಗಿದೆ.

ಮೇಲೆ ನೋಡಿದರೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಸುಜಿ, ಇನ್ನೊಂದ ಚೀಲಾ ಭಾರತಿ ಕೈಯಾಗ ಐತಿ. ನಿನ್ನೆ ಸಂಜೀಕ ಮಳ್ಯಾಗ ಬಂದಿದ್ಲು, ಪುಸ್ತಕ ತೊಯ್ತಾವಂತ ನಾನ ಕೊಟ್ಟ ಕಳಿಸೇನಿ."

ನಾನು ಹೇಗೆ ಮೇಲೆ ಬಂದೆ, ಹಗ್ಗ ಯಾರು ಬಿಚ್ಚಿದರು, ಒಂದೂ ನೆನಪಿಲ್ಲ. ಶಾಲೆಯ ಹೊತ್ತಾಗಿತ್ತು. ತೊಯ್ದ ಬಟ್ಟೆಯಲ್ಲೇ ಕಬ್ಬಿನ ನಡುವಿನ ದಾರಿಯಲ್ಲಿ ಓಡಿದೆ. ಎಲೆಯ ಅಂಚುಗಳು ಮುಖ, ಮೊಣಕೈ ಕೊಯ್ಯುತ್ತಿದ್ದವು. ದೋಣಿ ಇನ್ನೂ ಬಿಟ್ಟಿರಬಾರದು ಎಂದುಕೊಳ್ಳುತ್ತ ಓಡಿದೆ. ಕಟ್ಟೆಗೆ ಬಂದಾಗ ದೋಣಿ ಆಚೆ ದಡ ಬಿಟ್ಟಿತ್ತು.

ಹಿಂದಿನ ದಿನಕ್ಕಿಂತ ನೀರು ಏರಿತ್ತು. ಮೇಲಿನಿಂದ ಕಬ್ಬಿನ ಬೊಡ್ಡೆ, ಜಾಲಿಯ ಟೊಂಗೆ, ಯಾರದೋ ಮನೆಯ ತಡಿಕೆ ತೇಲಿ ಬರುತ್ತಿದ್ದವು. ನಾನು ಎರಡೂ ಕೈ ಎದೆಗೆ ಬಡಿದುಕೊಂಡು "ಚೀಲಾ ಎದಿಗೆ ಹಾಕ್ಕೋ!" ಎಂದು ಕೂಗಿದೆ. ಗಾಳಿ ಮಾತನ್ನು ಹಿಂದಕ್ಕೆ ಒಯ್ದಿತು. ಕಟ್ಟೆಯ ಮೇಲಿದ್ದವರು ನನಗೆ ಏನಾಯಿತೆಂದು ನೋಡುತ್ತ ನಿಂತರು. ದೋಣಿಯೊಳಗಿನ ಮಕ್ಕಳು ನಾನು ಕರೆಯುತ್ತಿದ್ದೇನೆಂದು ತಿಳಿದು ಕೈ ಬೀಸಿದರು.

ನಡು ಹೊಳೆಯಲ್ಲಿ ಒಂದು ದೊಡ್ಡ ಜಾಲಿಯ ಗಿಡ, ಬೇರು ಸಮೇತ, ದೋಣಿಯ ಬದಿಗೆ ಬಂದು ಬಡಿಯಿತು. ಹಾಲಿನ ಕ್ಯಾನುಗಳು ಒಂದೇ ಕಡೆ ಉರುಳಿದವು. ದೋಣಿ ವಾಲಿತು. ಒಬ್ಬರು ನೀರಿಗೆ ಬಿದ್ದದ್ದು ಕಂಡಿತು. ನೀಲಿ ಲಂಗ, ನಾವು ಹೊಲಿದ ಚೀಲ. ಭಾರತಿ.

ಆಮೇಲಿನದು ಬಹಳ ಸ್ವಲ್ಪ ಹೊತ್ತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಕೆಂಪು ನೀರಿನಲ್ಲಿ ಮೊದಲು ಮೇಲೆ ಬಂದದ್ದು ಚೀಲ. ಬರೀ ಚೀಲ. ಅದರ ಕೆಳಗೆ ಅವಳ ಮುಖ ಇದೆಯೋ, ನನ್ನದು ಇದ್ದ ಹಾಗೆ ಕೆಳಗೆ ಒತ್ತಿಕೊಂಡಿದೆಯೋ, ನನಗೆ ಕಾಣುತ್ತಿರಲಿಲ್ಲ. ಆಮೇಲೆ ಒಂದು ಕೈ ಕಂಡಿತು. ಚೀಲವನ್ನು ಅಪ್ಪಿಕೊಂಡ ಕೈ. ಆಮೇಲೆ ಮುಖ, ಬಾಯಿ ತೆರೆದು, ಮೇಲೆ ನೋಡುತ್ತಿದ್ದ ಮುಖ.

ಮಳೆ ಬಡಿಯುತ್ತಿದ್ದುದರಿಂದ ಅವಳು ಪುಸ್ತಕಗಳನ್ನು ಕಾಪಾಡಲೆಂದು ಚೀಲವನ್ನು ತೊಡೆಯ ಮೇಲಿಟ್ಟು, ಒಂದು ಪಟ್ಟಿಯೊಳಗೆ ತೋಳು ತೂರಿಸಿ, ಅದರ ಮೇಲೆ ಬಾಗಿ ಕೂತಿದ್ದಳಂತೆ. ಅಷ್ಟೇ ಕಾರಣ. ಭೀಮಣ್ಣ ದೋಣಿಯನ್ನು ಹೊಳೆಯ ಸೆಳವಿಗೆ ಬಿಟ್ಟು ಅದನ್ನು ಅವಳ ಹಿಂದೆಯೇ ಒಯ್ದ. ದೋಣಿಯಲ್ಲಿದ್ದ ಹಾಲಿನವನು ಹುಟ್ಟು ಚಾಚಿದ. ಜಡೆ ಹಿಡಿದು, ತೋಳು ಹಿಡಿದು ಒಳಗೆ ಎಳೆದುಕೊಳ್ಳುವಾಗ ಪಟ್ಟಿ ಜಾರಿತು. ಚೀಲ ಉಗಾರದ ಕಡೆಗೆ ತೇಲಿಹೋಯಿತು.

ದೋಣಿ ಬಹಳ ಕೆಳಗೆ ಹೋಗಿ ದಡ ಮುಟ್ಟಿತು. ನಾವು ಕೆಸರಿನಲ್ಲಿ ಬಿದ್ದು ಎದ್ದು ಅಲ್ಲಿಗೆ ಹೋದೆವು. ಭಾರತಿ ಹಲ್ಲು ಕಟಕಟಿಸುತ್ತ ಕೂತಿದ್ದಳು. ನಾನು ಅವಳನ್ನು ಅಪ್ಪಿಕೊಂಡಾಗ, "ಅಕ್ಕಾ, ಪುಸ್ತಕ ಎಲ್ಲಾ ಹೋದುವ್ರಿ," ಎಂದಳು. ಆಗ ಅತ್ತಳು. ಭೀಮಣ್ಣ ನಮಗೆ ಬೆನ್ನು ತಿರುಗಿಸಿ ದೋಣಿಯ ಅಂಚಿನ ಮೇಲೆ ಕೂತಿದ್ದ.

ಮರುದಿನ ನೀರು ತುಸು ತಗ್ಗಿದಾಗ ಭಾರತಿಯ ಅಪ್ಪ ಬಾಬಾಗೌಡರು ಬಂದು ಅವಳನ್ನು ಕರೆದುಕೊಂಡು ಹೋದರು. "ಸಾಲಿ ಸಾಕು," ಎಂದಷ್ಟೇ ಹೇಳಿದರು. ಆಮೇಲೆ ಹೊಳೆ ಮತ್ತೆ ಏರಿತು, ಊರವರು ದೋಣಿ ನಿಲ್ಲಿಸಿದರು. ಉಳಿದ ಮಕ್ಕಳು ನೆಂಟರ ಮನೆಗಳಲ್ಲಿಯೋ ಶಾಲೆಯ ಕೋಣೆಯಲ್ಲಿಯೋ ಉಳಿದುಕೊಂಡರು. ಭಾರತಿ ಮಾತ್ರ ಆ ದಡದಲ್ಲೇ ಉಳಿದಳು.

ಕಾಗವಾಡದ ಬೂತಿನಿಂದ ಗುರುಗಳಿಗೆ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ಹುಡುಗಿ ಹೇಗಿದ್ದಾಳೆ ಎಂದು. ಆಮೇಲೆ ಮೆಲ್ಲಗೆ, "ಇರುವ ಒಂದು ಚೀಲ ತೆಗೆದುಕೊಂಡು ಬಂದುಬಿಡು. ಜ್ಯೂರಿ ಹತ್ತಿರ ಬಂತು," ಎಂದರು. ಅಪ್ಪನೂ ನಿಪ್ಪಾಣಿಯಿಂದ ಹೇಳಿಕಳಿಸಿದ್ದರು, ಸಾಕು ಮನೆಗೆ ಬಾ ಎಂದು. ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದರು. ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುಸ್ತಕ ಒರೆಸುತ್ತಿದ್ದ ಹುಡುಗಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ನಾನು ಅವಳ ಕತೆಯನ್ನು ಮುಂಬಯಿಯಲ್ಲಿ ಹೇಳಿ ಪಾಸಾಗಿ ಬರುವುದು ಹೇಗೆ?

"ಭಾರತಿ ಮನಿಗೆ ಹೋಗಿ ಬರೂಣ ನಡಿ," ಎಂದಳು ಅತ್ತೆ ಒಂದು ಬೆಳಿಗ್ಗೆ. ಬಸ್‌ಸ್ಟ್ಯಾಂಡಿಗೆ ಹೋದರೆ ಭೀಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. "ನಾನೂ ಬರ್ತೇನ್ರಿ," ಎಂದ. ದೋಣಿಯಲ್ಲಿ ಹೋದರೆ ಕಣ್ಣೆದುರಿನ ದಡ. ನಾವು ಕಾಗವಾಡ, ಉಗಾರ ಹಿಡಿದು, ಕುಡಚಿಯ ಸೇತುವೆ ದಾಟಿ, ರಾಯಬಾಗ, ಚಿಕ್ಕೋಡಿ ಸುತ್ತಿ, ಬಸ್ಸಿನಿಂದ ಬಸ್ಸಿಗೆ ಏರಿಳಿದು ಹೋಗಬೇಕಾಯಿತು. ಸೇತುವೆಯ ಕೆಳಗೆ ನೀರು ಇನ್ನೇನು ಮುಟ್ಟುವಂತಿತ್ತು. ಮರಳಿ ಬರುವಷ್ಟರಲ್ಲಿ ಸೇತುವೆ ಮುಳುಗಿದರೆ ಎಂದು ಬಸ್ಸಿನಲ್ಲಿದ್ದವರೆಲ್ಲ ಅದೇ ಮಾತಾಡುತ್ತಿದ್ದರು.

ಬಾಬಾಗೌಡರು ಮರ್ಯಾದೆಯ ಮನುಷ್ಯ. "ಬರ್ರಿ, ಕುಂಡ್ರ್ರಿ," ಎಂದು ಕಟ್ಟೆಯ ಮೇಲೆ ಜಮಖಾನೆ ಹಾಸಿದರು, ಚಹಾ, ಚುರುಮುರಿ ತರಿಸಿದರು. ಬಾಗಿಲ ಹಿಂದೆ ಭಾರತಿಯ ತಾಯಿ ನಿಂತಿದ್ದಳು. ಅವಳ ಸೆರಗು ಹಿಡಿದುಕೊಂಡು ಭಾರತಿಯ ತಂಗಿ ಸವಿತಾ. ಭಾರತಿ ಹೊರಗೆ ಬರಲಿಲ್ಲ.

ಮೊದಲು ಮಾತಾಡಿದವನು ಭೀಮಣ್ಣ. "ಗೌಡ್ರ, ನನ್ನ ದೋಣ್ಯಾಗಿಂದ ಇವತ್ತಿನ ತನಕ ಯಾರೂ ಬಿದ್ದಿರಲಿಲ್ರಿ. ನಿಮ್ಮ ಮಗಳು ಬಿದ್ಲು. ನಾ ಅದನ್ನ ಹೇಳಾಕ ಬಂದೇನಿ," ಎಂದು ತಲೆ ತಗ್ಗಿಸಿದ.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಭೀಮಪ್ಪ. ನೀನ ಅಕಿನ್ನ ತಗದಿ," ಎಂದರು ಗೌಡರು. ನಂತರ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವ ಚೀಲಾ ಹೊಲದ ಕೊಟ್ರಿ, ಮಗಳು ಉಳದ್ಲು. ಖರೆ ಮಾತು, ನಾ ಮರಿಯಾಂಗಿಲ್ಲ. ಆದ್ರ ಒಂದ ಕೇಳ್ತೇನಿ. ಅಂಥಾ ಚೀಲಾ ಹಾಕ್ಕೊಂಡು ಹೋಗಬೇಕಾದ ದಾರಿಗೆ ನಾ ಯಾಕ ನನ್ನ ಮಗಳನ್ನ ಕಳಸ್ಬೇಕ್ರಿ?"

ಚೀಲದ ಬಗ್ಗೆ ಯಾರು ಏನು ಕೇಳಿದರೂ ಹೇಳಬಲ್ಲವಳಾಗಿದ್ದೆ. ಇದು ಚೀಲದ ಪ್ರಶ್ನೆಯಾಗಿರಲಿಲ್ಲ. "ಕಳಸಬ್ಯಾಡ್ರಿ," ಎಂದೆ. "ಮಳಿಗಾಲದಾಗ ದೋಣಿ ಬ್ಯಾಡ. ಸಾಲಿ ಮಾತ್ರ ಬಿಡಸಬ್ಯಾಡ್ರಿ."

"ದೋಣಿ ಇಲ್ಲದ ಸಾಲಿ ಎಲ್ಲೈತ್ರಿ?"

"ನಮ್ಮ ಮನ್ಯಾಗ ಇರಲಿ," ಎಂದಳು ಅತ್ತೆ. "ಹೊಳಿ ಇಳಿಯೂ ತನಕ ನಮ್ಮಲ್ಲೇ ಇದ್ದು ಹೋಗಲಿ. ನನಗೇನ ಹೆಣ್ಣಮಕ್ಕಳದಾರೇನು? ಒಬ್ಬಾಕಿ ಇದ್ದಂಗ ಆಗತೈತಿ."

ಗೌಡರು ಮೀಸೆ ತೀಡಿಕೊಂಡರು. "ಪದ್ಮಕ್ಕಾ, ನಿಮ್ಮದು ಜೈನರ ಮನಿ. ಹೊತ್ತ ಮುಳಗೂದ್ರಾಗ ಊಟ ಮುಗೀತೈತಿ. ನಮ್ಮಾಕಿಗೆ ಹೊತ್ತ ಮುಳಗಿದ ಮ್ಯಾಲ ಹಸಿವಿ ಚಾಲೂ ಆಗತೈತಿ."

ನಾವು ನಕ್ಕೆವು, ಅವರೂ ನಕ್ಕರು. ಆದರೆ ಹೂಂ ಅನ್ನಲಿಲ್ಲ. "ನೋಡೂಣ್ರಿ," ಎಂದರು. ನಮ್ಮ ಕಡೆ ಆ ಮಾತಿಗೆ ಇಲ್ಲವೆಂದೇ ಅರ್ಥ. ಮೋಡ ಕವಿಯುತ್ತಿತ್ತು. ಚಿಕ್ಕೋಡಿಯ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಲ್ಲ. ಭೀಮಣ್ಣ ಎದ್ದು ನಿಂತ. ಅತ್ತೆ ಚಪ್ಪಲಿ ಮೆಟ್ಟಿದಳು. ನನಗೆ ಕಾಲು ಎತ್ತಿಡಲು ಮನಸ್ಸಾಗಲಿಲ್ಲ.

ಆಗ ಬಾಗಿಲ ಹಿಂದಿನಿಂದ ಭಾರತಿಯ ತಾಯಿ ಹೊರಗೆ ಬಂದಳು. ಕೈಯಲ್ಲಿ ಒಂದು ಗಂಟು ಇತ್ತು. ಹಳೆಯ ಸೀರೆಯಲ್ಲಿ ಕಟ್ಟಿದ ಭಾರತಿಯ ಬಟ್ಟೆಯ ಗಂಟು. ಅದನ್ನು ಗಂಡನ ಮುಂದೆ, ಜಮಖಾನೆಯ ಮೇಲೆ ಇಟ್ಟು, ಮತ್ತೆ ಒಳಗೆ ಹೋದಳು. ಗೌಡರು ಗಂಟನ್ನು ನೋಡಿದರು, ಬಾಗಿಲನ್ನು ನೋಡಿದರು. ನಂತರ ದೊಡ್ಡ ದನಿಯಲ್ಲಿ, "ಏ ಭಾರತಿ, ಚಪ್ಪಲಿ ಹಾಕ್ಕೋ. ಬಸ್ಸ ತಪ್ಪತೈತಿ," ಎಂದರು.

ಭಾರತಿಯ ಶಾಲೆಯ ಗೆಳತಿಯರು ತಮ್ಮ ಪುಸ್ತಕಗಳನ್ನು ಸರದಿಯಂತೆ ಅವಳಿಗೆ ಕೊಟ್ಟರು. ನಾನು ಮುಂಬಯಿಗೆ ಹೊರಡುವ ದಿನ ಅವಳು ಅತ್ತೆಯ ಅಡುಗೆಮನೆಯಲ್ಲಿ ಬಿಸಿಲಿರುವಾಗಲೇ ಎರಡು ರೊಟ್ಟಿ ಹೆಚ್ಚಿಗೆ ತಿಂದು, ಸಂಜೆಯ ಹಸಿವೆಗೆ ಈಗಲೇ ವ್ಯವಸ್ಥೆ ಎನ್ನುತ್ತಿದ್ದಳು.

ಜ್ಯೂರಿಯಲ್ಲಿ ನನ್ನ ಗೆಳೆಯರು ಹೊಳೆಯುವ ಮಾದರಿಗಳನ್ನು ಇಟ್ಟಿದ್ದರು. ನನ್ನ ಮುಂದೆ ಗೊಬ್ಬರದ ಕಂಪನಿಯ ಅಕ್ಷರ ಅರ್ಧಂಬರ್ಧ ಕಾಣುತ್ತಿದ್ದ ಒಂದು ಚೀಲ. ಬೆನ್ನಿಗೆ ಹಾಕಿದಾಗ ಏನಾಯಿತು, ಎದೆಗೆ ಹಾಕಿದಾಗ ಏನಾಯಿತು, ಎರಡನ್ನೂ ಹೇಳಿದೆ. ಆಮೇಲೆ ಹೊಳೆಯಲ್ಲಿ ಆದದ್ದು, ಭಾರತಿ ಶಾಲೆಗೆ ಮರಳಿದ್ದು. ಒಬ್ಬ ಪರೀಕ್ಷಕರು ಚೀಲವನ್ನು ತಿರುವಿ ನೋಡಿ, "ಆ ಹುಡುಗಿಯನ್ನು ಶಾಲೆಗೆ ಕಳಿಸಿದ್ದು ಈ ಚೀಲವಲ್ಲ, ನಿಮ್ಮ ಅತ್ತೆ. ಹಾಗಾದರೆ ಇದು ಯಾಕೆ ಬೇಕು?" ಎಂದು ಕೇಳಿದರು. ಬಾಬಾಗೌಡರ ಪ್ರಶ್ನೆಯನ್ನು ಅವರಿಗೆ ಹೇಳಿದೆ. "ನನಗೆ ಆಗಲೂ ಉತ್ತರ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಅಲ್ಲಿ ಸೇತುವೆ ಬೇಕು. ಆಗುವವರೆಗೆ ಮಕ್ಕಳು ದೋಣಿಯಲ್ಲಿ ಹೋಗುತ್ತಾರೆ. ಅಲ್ಲಿಯವರೆಗೆ ಇದು ಬೇಕು," ಎಂದೆ. ಕೆಲಸ ಒರಟಾಗಿದೆ ಎಂದು ಷರಾ ಬರೆದರು. ಪಾಸು ಮಾಡಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಗುರುಗಳು ಪಕ್ಕದಲ್ಲಿ ಬಂದು ಕೂತರು. ಈ ಸಲ ಅವರು ಯಾರಿಗೆ ಬೇಕೆಂದು ಕೇಳಲಿಲ್ಲ.

ದಸರೆಯ ಸೂಟಿಗೆ ನಾನು ಮರಳಿ ಬಂದಾಗ ಹೊಳೆ ಇಳಿದಿತ್ತು. ಭಾರತಿಯನ್ನು ಅವಳ ಮನೆಗೆ ಬಿಟ್ಟುಬರಲು ಅತ್ತೆಯೂ ನಾನೂ ಹೊರಟೆವು. ಅದುವರೆಗೆ ನಾನು ಆ ದೋಣಿ ಹತ್ತಿಯೇ ಇರಲಿಲ್ಲ. ಹತ್ತಿದ ಮೇಲೆ ಅಲುಗಾಡದೆ ಕೂತೆ. ನೀರು ತಿಳಿಯಾಗಿತ್ತು, ಬಿಸಿಲಿತ್ತು. ಆದರೂ ನಡು ಹೊಳೆ ಬಂದಾಗ ಭಾರತಿ ನನ್ನ ಕೈ ಹಿಡಿದಳೋ ನಾನು ಅವಳ ಕೈ ಹಿಡಿದೆನೋ ಹೇಳಲಾರೆ.

ಆಚೆ ದಡದಲ್ಲಿ ಅವಳ ತಾಯಿ ಸವಿತಾಳನ್ನು ಕರೆದುಕೊಂಡು ಬಂದು ನಿಂತಿದ್ದಳು. ಹಿರಿಯ ಮಗಳ ಗಲ್ಲ ಸವರಿದಳು, ತೆಳ್ಳಗಾಗಿದ್ದೀಯೆಂದು ಬೈದಳು. ಆಮೇಲೆ ನನ್ನ ಹತ್ತಿರ ಬಂದಳು. ಅವಳು ನನ್ನ ಕೂಡ ಮಾತಾಡಿದ್ದು ಅದೇ ಮೊದಲು.

"ಅಕ್ಕಾರ, ಬರೂ ವರ್ಷ ಸವಿತಾನೂ ಆ ದಂಡಿ ಸಾಲಿಗೆ ಬರ್ತಾಳ್ರಿ. ಮಳಿಗಾಲದಾಗ ಇಬ್ಬರೂ ಪದ್ಮಕ್ಕನ ಮನ್ಯಾಗ ಇರ್ತಾರ. ಉಳದ ದಿನಕ್ಕ ಇಕಿಗೂ ಒಂದ ಚೀಲಾ ಹೊಲದ ಕೊಡ್ತೀರೇನು?"

"ಕೊಡ್ತೇನ್ರಿ," ಎಂದೆ.

"ಎದಿಗಿ ಹಾಕೂವಂಥಾದ್ದು," ಎಂದಳು ಅವಳು. ನಂತರ ಸವಿತಾಳನ್ನು ನನ್ನ ಮುಂದೆ ನಿಲ್ಲಿಸಿ, ಅವಳ ಭುಜದಿಂದ ಸೊಂಟದವರೆಗೆ ಗೇಣು ಹಾಕಿ ಅಳೆದಳು. "ಇಕಿ ಸಣ್ಣಾಕಿ. ಪಟ್ಟಿ ಇಷ್ಟ ಸಾಕ್ರಿ. ಒಂದೀಟ ಮಡಚಿ ಬಿಡ್ರಿ ಅಂದ್ರ ಬೆಳದಂಗ ಬೆಳದಂಗ ಬಿಚ್ಚಾಕ ಬರತೈತಿ."